ಬಸ್ಸು ತಗ್ಗಿತು, ಫುಟ್‌ಪಾತ್ ಏರಲಿಲ್ಲ

ಬೆಳಿಗ್ಗೆ ಒಂಬತ್ತೂವರೆ. ಬೆಂಗಳೂರು ದಕ್ಷಿಣದ ಒಂದು ಬಸ್ ಸ್ಟಾಪಿನಲ್ಲಿ ಅಮ್ಮನ ಕೈ ಹಿಡಿದು ನಿಂತಿದ್ದೆ. ಅಮ್ಮನಿಗೆ 74 ವರ್ಷ. ಎರಡೂ ಮಂಡಿ ಸವೆದಿವೆ. ಆಸ್ಪತ್ರೆಗೆ ಹೋಗಬೇಕಿತ್ತು. ನಾಲ್ಕು ಹೆಜ್ಜೆ ಆಚೆ ವೀಲ್‌ಚೇರಿನಲ್ಲಿ ಒಬ್ಬರು ಕಾಯುತ್ತಿದ್ದರು. ನಲವತ್ತರ ಆಸುಪಾಸಿನವರು. ತೊಡೆಯ ಮೇಲೆ ಊಟದ ಡಬ್ಬಿಯ ಚೀಲ. ಕೆಲಸಕ್ಕೆ ಹೊರಟವರು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಅವರು ಫುಟ್‌ಪಾತ್ ಮೇಲಿರಲಿಲ್ಲ, ಟಾರು ರಸ್ತೆಯ ಅಂಚಿನಲ್ಲಿದ್ದರು. ಫುಟ್‌ಪಾತ್ ಹತ್ತಲು ಅಲ್ಲಿ ಇಳಿಜಾರೇ ಇರಲಿಲ್ಲ.

ಎಲೆಕ್ಟ್ರಿಕ್ ಬಸ್ ಬಂತು. ಸ್ಟಾಪಿನ ಮುಂದೆ ಎರಡು ಆಟೊ, ಒಂದು ಎಳನೀರಿನ ಗಾಡಿ. ಡ್ರೈವರ್‌ಗೆ ಅಂಚಿಗೆ ಬರಲು ಜಾಗವೇ ಇಲ್ಲ. ಬಸ್ಸು ಫುಟ್‌ಪಾತಿನಿಂದ ಎರಡು ಮೀಟರ್ ಆಚೆ ನಿಂತಿತು. ಕಂಡಕ್ಟರ್ ವೀಲ್‌ಚೇರ್ ನೋಡಿದರು. "ಹೋಲ್ಡಾನ್, ಹೋಲ್ಡಾನ್!" ಎಂದು ಕೂಗಿ ಕೆಳಗಿಳಿದರು. ಮಧ್ಯದ ಬಾಗಿಲಿನ ಹತ್ತಿರ ನೆಲಕ್ಕೆ ಮಡಚಿಟ್ಟ ಹಲಗೆಯನ್ನು ಹಿಡಿಯಿಂದ ಎತ್ತಿ ಹೊರಗೆ ಮಗುಚಿದರು. ಅದರ ತುದಿ ಟಾರಿನ ಮೇಲೆ ದಡ್ ಎಂದು ಕೂತಿತು. ಇಳಿಜಾರು ಮಕ್ಕಳ ಜಾರುಬಂಡೆಯ ಹಾಗಿತ್ತು.

"ಅಣ್ಣ, ಬ್ರೇಕ್ ಬಿಡಿ. ಒಂದೇ ಉಸಿರಿಗೆ ತಳ್ತೀವಿ" ಅಂದರು ಕಂಡಕ್ಟರ್. ಹಿಂದಿನಿಂದ ಅವರು, ಪಕ್ಕದಲ್ಲಿ ಕಾಲೇಜು ಹುಡುಗನೊಬ್ಬ. ಅಷ್ಟರಲ್ಲಿ ಬಸ್ಸಿಗೂ ಫುಟ್‌ಪಾತಿಗೂ ನಡುವಿನ ಆ ಎರಡು ಮೀಟರ್‌ನಲ್ಲಿ ಬೈಕೊಂದು ನುಗ್ಗಿತು. ಹಲಗೆಯಿಂದ ಒಂದು ಗೇಣು ದೂರದಲ್ಲಿ ಬ್ರೇಕ್ ಹಾಕಿತು. ನನ್ನ ಎದೆ ಝಲ್ ಎಂದಿತು. ವೀಲ್‌ಚೇರಿನವರು ತಿರುಗಿಯೂ ನೋಡಲಿಲ್ಲ. ಅವರಿಗೆ ಇದು ಅಭ್ಯಾಸವಾಗಿತ್ತು ಅಂತ ಕಾಣುತ್ತದೆ.

ಹತ್ತಿಸಿ, ಬೆಲ್ಟ್ ಹಾಕಿ, ಹಲಗೆ ಮಡಚುವ ಹೊತ್ತಿಗೆ ಮೂರು ನಿಮಿಷ ಆಗಿರಬಹುದು. ಹಿಂದೆ ಹಾರನ್ ಮೇಲೆ ಹಾರನ್. ಆಮೇಲೆ ಅಮ್ಮ ನನ್ನ ಭುಜದ ಮೇಲೆ ಕೈಯೂರಿ ಹತ್ತಿದಳು. ಸೀಟಿನಲ್ಲಿ ಕೂತು ಸುಧಾರಿಸಿಕೊಂಡು, "ಇದು ಪರವಾಗಿಲ್ಲ ಕಣೆ, ಒಂದೇ ಮೆಟ್ಟಿಲು. ಆದರೆ ಆ ಒಂದು ಎರಡಾಳು ಎತ್ತರ ಇತ್ತು" ಅಂದಳು.

ಆವತ್ತು ಬಸ್ಸು ಸರಿಯಾಗಿತ್ತು. ಹಲಗೆ ಸರಿಯಾಗಿತ್ತು. ಕಂಡಕ್ಟರ್ ಅಂತೂ ಬಂಗಾರದಂಥ ಮನುಷ್ಯ. ಡ್ರೈವರ್ ತಾಳ್ಮೆಯಿಂದ ಕಾದರು. ಇಷ್ಟಿದ್ದೂ ಒಬ್ಬ ಮನುಷ್ಯ ಕೆಲಸಕ್ಕೆ ಹೋಗಲು ಪ್ರಾಣ ಪಣಕ್ಕಿಡಬೇಕಾಯಿತು. ಯಾಕೆ? ಬೆಂಗಳೂರಿನ ಲೋ ಫ್ಲೋರ್, ಅಂದರೆ ತಗ್ಗು ನೆಲದ, ಬಸ್ಸಿನ ಕತೆಯನ್ನು ಮೊದಲಿಂದ ನೋಡಿದರೆ ಉತ್ತರ ಸಿಗುತ್ತದೆ.

ಲಾರಿಯ ಮೇಲೆ ಕಟ್ಟಿದ ಬಸ್ಸು

ನಮ್ಮ ಕಡೆ ಬಸ್ಸುಗಳಿಗೆ ಅಷ್ಟು ಮೆಟ್ಟಿಲು ಯಾಕೆ ಅಂತ ಯಾರೂ ಕೇಳುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇವೆ, ಬಸ್ಸು ಅಂದರೆ ಹಾಗೇ ಅಂದುಕೊಂಡಿದ್ದೇವೆ. ಕಾರಣ ಸರಳ. ದಶಕಗಳ ಕಾಲ ಬಸ್ಸು ಅಂದರೆ ಲಾರಿಯ ಚಾಸಿಯ ಮೇಲೆ ಕಟ್ಟಿದ ಮೈ. ಮುಂದೆ ಎಂಜಿನ್, ಕೆಳಗೆ ಉದ್ದಕ್ಕೂ ಉಕ್ಕಿನ ತೊಲೆ, ಅದರಡಿ ಆಕ್ಸಲ್, ಪಟ್ಟಿ ಸ್ಪ್ರಿಂಗು. ಇವೆಲ್ಲದರ ಮೇಲೆ ನೆಲ ಹಾಸಿದರೆ ಅದು ರಸ್ತೆಯಿಂದ ಒಂದು ಮೀಟರ್‌ಗೂ ಮೇಲೆ ಹೋಗುತ್ತದೆ. ಸಿಮೆಂಟ್ ಮೂಟೆ ಏರಿಸಲು ಆ ಎತ್ತರ ತೊಂದರೆಯಲ್ಲ. ಸವೆದ ಮಂಡಿಗೆ ಅದು ಬೆಟ್ಟ.

ಲೋ ಫ್ಲೋರ್ ಬಸ್ಸಿನಲ್ಲಿ ಎಂಜಿನ್ ಹಿಂದಕ್ಕೆ ಹೋಗುತ್ತದೆ. ತೊಲೆಯನ್ನು ಕೆಳಗೆ ಬಗ್ಗಿಸಿರುತ್ತಾರೆ. ಪಟ್ಟಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಸಸ್ಪೆನ್ಷನ್ ಇರುತ್ತದೆ. ನೆಲ ಸುಮಾರು 400 ಮಿಲಿಮೀಟರ್‌ಗೆ ಇಳಿಯುತ್ತದೆ. ಎಡಗಡೆಯ ಗಾಳಿಯನ್ನು ಸ್ವಲ್ಪ ಬಿಟ್ಟರೆ ಬಸ್ಸು ಆ ಕಡೆಗೆ ವಾಲಿ ಇನ್ನಷ್ಟು ತಗ್ಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ನೀಲಿಂಗ್ ಅನ್ನುತ್ತಾರೆ, ಅಂದರೆ ಮಂಡಿಯೂರುವುದು. ಮಂಡಿ ಊರಲಾರದವರಿಗಾಗಿ ಬಸ್ಸೇ ಮಂಡಿಯೂರುತ್ತದೆ. ನನಗೆ ಇದು ಬಹಳ ಇಷ್ಟವಾದ ವಿಷಯ.

ಇಂಥ ಬಸ್ಸು ದುಬಾರಿ. ಹಾಗಾಗಿ ನಮ್ಮಲ್ಲಿ ಅದು ಮೊದಲು ಬಂದಿದ್ದು ದುಬಾರಿ ಟಿಕೆಟ್ಟಿನ ಜೊತೆಗೇ. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ಬಿಎಂಟಿಸಿ, 2006ರ ಹೊತ್ತಿಗೆ ವೋಲ್ವೊ ಎ.ಸಿ. ಬಸ್ಸುಗಳನ್ನು ಊರೊಳಗೆ ಓಡಿಸತೊಡಗಿತು. ಆಗ ದೇಶದ ಬೇರೆ ನಗರಗಳಲ್ಲಿ ಅಂಥದ್ದು ಇರಲಿಲ್ಲ. ಅದೇ ವಜ್ರ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದಾಗ ವಾಯು ವಜ್ರ ಬಂತು. ನೆಲ ತಗ್ಗು, ಬಾಗಿಲು ಅಗಲ, ವೀಲ್‌ಚೇರಿಗೆ ಹಲಗೆ.

ತೊಡಕು ಇದ್ದಿದ್ದು ಪಾಸಿನಲ್ಲಿ. ನಮ್ಮ ರಾಜ್ಯದಲ್ಲಿ ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿಯ ರಿಯಾಯಿತಿ ಪಾಸ್ ಇದೆ. ವಾಸದ ಜಾಗದಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ಕಣ್ಣು ಕಾಣದವರಿಗೆ ಉಚಿತ. 60 ದಾಟಿದವರಿಗೆ ಟಿಕೆಟ್ಟಿನಲ್ಲಿ ಶೇ. 25 ಕಡಿತ. ಇವೆಲ್ಲ ಒಳ್ಳೆಯ ಯೋಜನೆಗಳು, ಎಷ್ಟೋ ಮನೆಗಳಿಗೆ ಆಸರೆಯಾಗಿವೆ. ಆದರೆ ರಿಯಾಯಿತಿ ಪಾಸು ನಡೆಯುವುದು ಸಾಮಾನ್ಯ ಬಸ್ಸಿನಲ್ಲಿ, ಎ.ಸಿ. ಬಸ್ಸಿನಲ್ಲಲ್ಲ. ಅಂದರೆ ವೀಲ್‌ಚೇರ್ ಹತ್ತುವ ಬಸ್ಸಿನಲ್ಲಿ ಪಾಸ್ ನಡೆಯುತ್ತಿರಲಿಲ್ಲ, ಪಾಸ್ ನಡೆಯುವ ಬಸ್ಸಿಗೆ ವೀಲ್‌ಚೇರ್ ಹತ್ತುತ್ತಿರಲಿಲ್ಲ. ಹದಿನೈದು ವರ್ಷಕ್ಕೂ ಜಾಸ್ತಿ ಕಾಲ ಹೀಗೇ ನಡೆಯಿತು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟೇ ಬೇಡ. ಅಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಆ ವಾರವೇ ತಂಗಿಯ ಮನೆಗೆ ಹೋಗಿಬಂದಳು. ಯಾರ ಹತ್ತಿರವೂ ದುಡ್ಡು ಕೇಳದೆ ಹೋಗಿಬಂದೆ ಅಂತ ಎಲ್ಲರಿಗೂ ಹೇಳಿದಳು. ಆದರೆ ಅಲ್ಲೂ ಅದೇ ಗೆರೆ. ಎ.ಸಿ. ಬಸ್ಸಿಗೆ ಶಕ್ತಿ ಇಲ್ಲ. ದುಡ್ಡಿನ ಮೆಟ್ಟಿಲನ್ನು ಸರ್ಕಾರ ತೆಗೆದುಹಾಕಿತು, ಕಬ್ಬಿಣದ ಮೆಟ್ಟಿಲು ಉಳಿಯಿತು.

ಕಾನೂನು ಏನು ಹೇಳಿತ್ತು

ಕಾನೂನಿಗೆ ಇಲ್ಲಿ ಕೊರತೆ ಇರಲಿಲ್ಲ. 2015ರ ಡಿಸೆಂಬರ್ 3ರಂದು ಕೇಂದ್ರ ಸರ್ಕಾರ ಸುಗಮ್ಯ ಭಾರತ ಅಭಿಯಾನ ಶುರುಮಾಡಿತು. ಸರ್ಕಾರಿ ಬಸ್ಸುಗಳಲ್ಲಿ ಒಂದು ಪಾಲನ್ನು 2018ರ ಮಾರ್ಚ್ ಒಳಗೆ ಪೂರ್ತಿ ಸುಗಮ, ಅಂದರೆ ಅಂಗವಿಕಲರೂ ಸಲೀಸಾಗಿ ಹತ್ತಿಳಿಯುವ ಹಾಗೆ, ಮಾಡುವುದು ಗುರಿ. ಗಡುವು ಮುಗಿದು ವರ್ಷಗಳಾದ ಮೇಲೂ ದೇಶದಲ್ಲಿ ಪೂರ್ತಿ ಸುಗಮವಾಗಿದ್ದ ಬಸ್ಸುಗಳು ನೂರಕ್ಕೆ ಸುಮಾರು ಆರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 41ನೇ ಕಲಂ ಸಾರಿಗೆಯ ಬಗ್ಗೆಯೇ ಇದೆ. 2020ರ ಮಾರ್ಚ್ 1ರಿಂದ ಮೋಟಾರು ವಾಹನ ನಿಯಮ ಬದಲಾಯಿತು. ಬಸ್ಸುಗಳಲ್ಲಿ ಮೀಸಲು ಸೀಟು, ಹಿಡಿಕೆ, ಊರುಗೋಲು ಇಡುವ ಜಾಗ, ವೀಲ್‌ಚೇರ್ ಹತ್ತಿಸುವ ಮತ್ತು ಭದ್ರವಾಗಿ ನಿಲ್ಲಿಸುವ ವ್ಯವಸ್ಥೆ ಬೇಕು ಎಂದಿತು.

ದೆಹಲಿಯಲ್ಲಿ ಎತ್ತರದ ಬಸ್ಸುಗಳ ಖರೀದಿಯ ಜಗಳ ಕೋರ್ಟಿನವರೆಗೂ ಹೋಯಿತು. ಕೊನೆಗೆ ಆ ಬಸ್ಸುಗಳಿಗೆ ಹೈಡ್ರಾಲಿಕ್ ಲಿಫ್ಟ್ ಕೂಡಿಸಬೇಕಾಯಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿಯಾಗಿ ಹೇಳಿತು. ಸುಗಮತೆಯ ಮಾನದಂಡಗಳು ಬರೀ ಸಲಹೆಗಳಾಗಿದ್ದರೆ ಸಾಲದು, ಕಡ್ಡಾಯವಾಗಿ ಪಾಲಿಸಲೇಬೇಕಾದ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಿ ಎಂದು ಕೇಂದ್ರಕ್ಕೆ ಸೂಚಿಸಿತು. ಬರೀ ಸಲಹೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಫುಟ್‌ಪಾತ್‌ಗಳೇ ಸಾಕ್ಷಿ.

ಇದು ಬೆರಳೆಣಿಕೆಯ ಜನರ ಮಾತು ಅಂತ ಕೆಲವರು ಹೇಳುತ್ತಾರೆ. ನನಗೆ ಇದನ್ನು ಕೇಳಿದರೆ ಬೇಜಾರಾಗುತ್ತದೆ. 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಜಾಸ್ತಿ. 60 ದಾಟಿದವರು ಸುಮಾರು 58 ಲಕ್ಷ. ಇದು ಆವತ್ತಿನ ಲೆಕ್ಕ. ಜೊತೆಗೆ ಬಸುರಿಯರು, ಮಗು ಎತ್ತಿಕೊಂಡವರು, ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡವರು, ಸೊಪ್ಪಿನ ಮೂಟೆ ಹೊತ್ತು ಮಾರ್ಕೆಟ್ಟಿನಿಂದ ಬರುವ ಹೆಂಗಸರು ಇದ್ದಾರೆ. ತಗ್ಗಿನ ಬಸ್ಸು ಇವರೆಲ್ಲರಿಗೂ ಬೇಕು.

ಹೊಗೆಗಾಗಿ ಬಂದ ಬಸ್ಸು

ಗಂಟು ಬಿಚ್ಚಿದ್ದು ಬೇರೆ ಕಡೆಯಿಂದ. ಕೇಂದ್ರದ ಫೇಮ್-2 ಯೋಜನೆ ಎಲೆಕ್ಟ್ರಿಕ್ ವಾಹನಗಳಿಗೆ ಸಹಾಯಧನ ಕೊಡತೊಡಗಿತು. ಅದರ ಮುಖ್ಯ ಉದ್ದೇಶ ಹೊಗೆ ಮತ್ತು ಡೀಸೆಲ್ ಖರ್ಚು ಕಡಿಮೆ ಮಾಡುವುದು. ಬಿಎಂಟಿಸಿಗೆ ಮೊದಲು 12 ಮೀಟರ್ ಉದ್ದದ 300 ಬಸ್ಸುಗಳ ಗುತ್ತಿಗೆ ಆಯಿತು. ಆಮೇಲೆ ಟಾಟಾ ಕಂಪನಿಯ 921 ಬಸ್ಸುಗಳ ಗುತ್ತಿಗೆ. ಟಾಟಾದ ಮೊದಲ ನೂರು ಬಸ್ಸುಗಳಿಗೆ 2023ರ ಡಿಸೆಂಬರ್ 26ರಂದು ವಿಧಾನಸೌಧದ ಮುಂದೆ ಹಸಿರು ನಿಶಾನೆ ತೋರಿಸಿದರು.

ಈ ಬಸ್ಸುಗಳು ತಗ್ಗು ನೆಲದವು, ಜೊತೆಗೆ ಎ.ಸಿ. ಇಲ್ಲದವು. ನನ್ನ ಪ್ರಕಾರ ಇಡೀ ಕತೆಯಲ್ಲಿ ಮುಖ್ಯವಾದ ಸಂಗತಿ ಇದೇ. ಸಾಮಾನ್ಯ ಟಿಕೆಟ್ಟಿನಲ್ಲಿ ಓಡುವುದರಿಂದ ಪಾಸೂ ನಡೆಯುತ್ತದೆ, ಶಕ್ತಿಯೂ ನಡೆಯುತ್ತದೆ. ವಜ್ರದಲ್ಲಿ ತಪ್ಪಿಹೋಗಿದ್ದ ಕೊಂಡಿ ಇಲ್ಲಿ ಕೂಡಿಕೊಂಡಿತು. ಯಾವ ಭಾಷಣದಲ್ಲೂ ಇದನ್ನು ದೊಡ್ಡದು ಮಾಡಿ ಹೇಳಿದ್ದು ನಾನು ಕೇಳಲಿಲ್ಲ. ಆದರೆ 660 ರೂಪಾಯಿ ಪಾಸ್ ಇಟ್ಟುಕೊಂಡವರಿಗೆ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಅವರನ್ನೇ ಕೇಳಬೇಕು.

ಹಾಗಿದ್ದರೆ ಆ ಬೆಳಿಗ್ಗೆ ಸ್ಟಾಪಿನಲ್ಲಿ ನಡೆದಿದ್ದೇನು?

ಅಳತೆ ಟೇಪಿನ ಲೆಕ್ಕ

ಮನೆಗೆ ಬಂದ ಮೇಲೆ ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ, ಐದನೇ ಕ್ಲಾಸಿನ ಗಣಿತ ಸಾಕು.

ಬಸ್ಸಿನ ನೆಲ ರಸ್ತೆಯಿಂದ 400 ಮಿ.ಮೀ. ಹಲಗೆ ಒಂದು ಮೀಟರ್ ಉದ್ದ ಅಂದುಕೊಳ್ಳಿ. ಹಲಗೆಯ ತುದಿ ರಸ್ತೆಯ ಮೇಲೆ ಕೂತರೆ, ಒಂದು ಮೀಟರ್‌ನಲ್ಲಿ 400 ಮಿ.ಮೀ. ಏರಬೇಕು. ಎರಡೂವರೆಗೆ ಒಂದು ಏರು. ಕಟ್ಟಡಗಳಲ್ಲಿ ವೀಲ್‌ಚೇರಿಗೆ ಹೇಳುವ ಇಳಿಜಾರು ಹನ್ನೆರಡಕ್ಕೆ ಒಂದು. ಅದಕ್ಕಿಂತ ಸುಮಾರು ಐದು ಪಟ್ಟು ಕಡಿದು. ತೋಳಿನಲ್ಲಿ ಎಷ್ಟೇ ಬಲವಿದ್ದರೂ ಒಬ್ಬರೇ ಹತ್ತಲು ಆಗುವುದಿಲ್ಲ. ಹಿಂದಿನಿಂದ ತಳ್ಳುವವರು ಕೈಬಿಟ್ಟರೆ ಕುರ್ಚಿ ಹಿಂದಕ್ಕೆ ಮಗುಚಿಕೊಳ್ಳುತ್ತದೆ.

ಈಗ ಅದೇ ಹಲಗೆಯ ತುದಿ ಫುಟ್‌ಪಾತ್ ಮೇಲೆ ಕೂರಲಿ. ರಸ್ತೆಗಳಿಗೆ ಮಾನದಂಡ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್ 150 ಮಿ.ಮೀ.ಗಿಂತ ಎತ್ತರ ಇರಬಾರದು. 150 ಇದೆ ಅನ್ನೋಣ. ಉಳಿದಿದ್ದು 250. ಬಸ್ಸು ಮಂಡಿಯೂರಿ ಇನ್ನೊಂದು 70 ತಗ್ಗಿತು ಅಂದುಕೊಂಡರೆ 180. ಐದೂವರೆಗೆ ಒಂದು. ಇನ್ನೂ ಕಡಿದೇ, ಆದರೆ ಒಬ್ಬರು ಹಿಂದಿನಿಂದ ಆಸರೆ ಕೊಟ್ಟರೆ ಸಲೀಸಾಗಿ ಒಳಗೆ ಹೋಗಬಹುದು. ಅಮ್ಮನಿಗೂ ಅಷ್ಟೇ. 400 ಅಂದರೆ ಅವಳ ಮಂಡಿಯ ಮಟ್ಟ. 180 ಅಂದರೆ ನಮ್ಮ ಮನೆಯ ಹೊಸ್ತಿಲ ಮುಂದಿನ ಮೆಟ್ಟಿಲಿನಷ್ಟು. ದಿನಕ್ಕೆ ಹತ್ತು ಸಲ ಅದನ್ನು ಹತ್ತಿಳಿಯುತ್ತಾಳೆ.

ಅಂದರೆ ತಗ್ಗಿನ ಬಸ್ಸಿನ ಅರ್ಧ ಭಾಗ ಇರುವುದು ಫುಟ್‌ಪಾತ್‌ನಲ್ಲಿ. ಕಂಪನಿ ಬಸ್ಸನ್ನು ತಯಾರಿಸಿದ್ದು ಫುಟ್‌ಪಾತ್ ಇದೆ ಅನ್ನುವ ನಂಬಿಕೆಯ ಮೇಲೆ. ಬಸ್ಸು ಎರಡು ಮೀಟರ್ ದೂರ ನಿಂತ ಕೂಡಲೇ ಆ ಅರ್ಧ ಕೈತಪ್ಪುತ್ತದೆ. ಇಷ್ಟು ದುಡ್ಡು ಸುರಿದು ತಂದ ಬಸ್ಸಿನ ಗುಣವನ್ನು ಒಂದು ಎಳನೀರು ಗಾಡಿ, ಎರಡು ಆಟೊ ಸೇರಿ ಅಳಿಸಿಹಾಕುತ್ತವೆ. ಅವರನ್ನು ಬೈದು ಪ್ರಯೋಜನವಿಲ್ಲ. ಅವರಿಗೂ ಹೊಟ್ಟೆಪಾಡು. ನಿಲ್ಲಲು ಬೇರೆ ಜಾಗ ಯಾರೂ ತೋರಿಸಿಲ್ಲ.

ಸ್ಟಾಪು ಯಾರದು?

ಬಸ್ಸು ಬಿಎಂಟಿಸಿಯದು. ಫುಟ್‌ಪಾತ್ ಪಾಲಿಕೆಯದು. ಮೊದಲು ಬಿಬಿಎಂಪಿ ಇತ್ತು, 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾಗಿವೆ. ಸ್ಟಾಪಿನ ಮುಂದೆ ಗಾಡಿ ನಿಂತರೆ ಎಬ್ಬಿಸಬೇಕಾದವರು ಟ್ರಾಫಿಕ್ ಪೊಲೀಸರು. ಹತ್ತಿರದಲ್ಲೇ ಮೆಟ್ರೊ ಸ್ಟೇಷನ್ ಇದ್ದರೆ ಅದರ ಸುತ್ತಲ ಜಾಗ ಮೆಟ್ರೊ ನಡೆಸುವ ಬಿಎಂಆರ್‌ಸಿಎಲ್‌ನದು. ಇವರೆಲ್ಲರನ್ನೂ ಒಂದೇ ಚಾವಡಿಯಲ್ಲಿ ಕೂರಿಸಲಿ ಅಂತಲೇ 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಆಯಿತು. ಅದು ಪೂರ್ತಿ ಶಕ್ತಿಯಿಂದ ಕೆಲಸ ಮಾಡಲಿ ಅನ್ನುವುದು ನನ್ನ ಆಸೆ. ಯಾಕೆಂದರೆ ವೀಲ್‌ಚೇರಿನವರು ದಾಟಬೇಕಾದ ಆ ಎರಡು ಮೀಟರ್ ಯಾವ ಒಂದು ಇಲಾಖೆಯ ಫೈಲಿನಲ್ಲೂ ಪೂರ್ತಿಯಾಗಿ ಬರುವುದಿಲ್ಲ. ಎಲ್ಲರ ಫೈಲಿನಲ್ಲೂ ಅದರ ಒಂದೊಂದು ತುಂಡು ಇದೆ.

ಇದು ಬೆಂಗಳೂರಿಗೆ ಮಾತ್ರ ಬಂದ ಕಷ್ಟವಲ್ಲ. ಲಂಡನ್ ನಗರ 2005ರ ಕೊನೆಗೆ, ಒಂದೆರಡು ಪಾರಂಪರಿಕ ಮಾರ್ಗ ಬಿಟ್ಟು, ಬಸ್ಸುಗಳನ್ನೆಲ್ಲ ಲೋ ಫ್ಲೋರ್ ಮಾಡಿ ಮುಗಿಸಿತ್ತು. ಆದರೆ 2008ರಲ್ಲಿ ಅಲ್ಲಿ ಸರಿಯಾಗಿದ್ದ ಸ್ಟಾಪುಗಳು ನೂರಕ್ಕೆ 29 ಮಾತ್ರ. ಅಲ್ಲೂ ಬಸ್ಸು ಒಬ್ಬರದು, ಹೆಚ್ಚಿನ ರಸ್ತೆಗಳು ಬೇರೆ ಬೇರೆ ಸ್ಥಳೀಯ ಕೌನ್ಸಿಲ್‌ಗಳವು. ಆಮೇಲೆ ಸ್ಟಾಪುಗಳಿಗೇ ಅಂತ ಬೇರೆ ಕೆಲಸ ಹಮ್ಮಿಕೊಂಡರು. ಅಂಚುಗಲ್ಲನ್ನು 100 ಮಿ.ಮೀ.ಗಿಂತ ಮೇಲೆ ಏರಿಸಿದರು. ಹಲಗೆ ಬೀಳುವ ಜಾಗದಲ್ಲಿದ್ದ ಕಂಬ, ಕಸದ ಡಬ್ಬಿ ತೆಗೆದರು. ಸ್ಟಾಪಿನ ಮುಂದೆ ರಸ್ತೆಯ ಮೇಲೆ ಗೆರೆ ಎಳೆದು, ಅದರೊಳಗೆ ಬಸ್ ಬಿಟ್ಟು ಬೇರೆ ಗಾಡಿ ನಿಲ್ಲಬಾರದು ಎಂದು ದಂಡ ಹಾಕಿದರು. ಹತ್ತು ವರ್ಷದೊಳಗೆ ನೂರಕ್ಕೆ 95 ಸ್ಟಾಪ್ ಸರಿಯಾದವು. ಬಸ್ಸು ತಂದ ಮೇಲೆ ಸ್ಟಾಪು ತಾನಾಗಿ ಸರಿಹೋಗುವುದಿಲ್ಲ, ಅದಕ್ಕೆ ಬೇರೆ ಹಣ, ಬೇರೆ ಗಡುವು ಇಡಬೇಕು ಅನ್ನುವುದು ಅವರ ಅನುಭವದಿಂದ ಸಿಗುವ ಮಾತು.

ನಮ್ಮ ಊರಲ್ಲೇ ಇನ್ನೊಂದು ಉದಾಹರಣೆ ಇದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಶುರುವಾಯಿತು. ರೈಲಿನ ನೆಲ, ಪ್ಲಾಟ್‌ಫಾರಂ ಎರಡೂ ಒಂದೇ ಮಟ್ಟ. ಲಿಫ್ಟ್ ಇದೆ. ಕಣ್ಣು ಕಾಣದವರಿಗೆ ಕಾಲಿಗೆ ತಾಗುವ ಉಬ್ಬುಗೆರೆಯ ಹಾದಿ ಇದೆ. ಅಮ್ಮ ಮೊದಲ ಸಲ ಮೆಟ್ರೊ ಹತ್ತಿದಾಗ ಕೆಳಗೆ ನೋಡಿಕೊಂಡು, ಎಲ್ಲಿ ಮೆಟ್ಟಿಲು ಅಂತ ಕಾಲಲ್ಲಿ ತಡಕಿದಳು. ಇಲ್ಲ ಅಂತ ಗೊತ್ತಾದಾಗ ಅವಳ ಮುಖ ನೋಡಬೇಕಿತ್ತು. ಮೆಟ್ರೊದಲ್ಲಿ ರೈಲನ್ನೂ ಪ್ಲಾಟ್‌ಫಾರಂ ಅನ್ನೂ ಒಂದೇ ಸಂಸ್ಥೆ ಒಟ್ಟಿಗೆ ಯೋಚಿಸಿ ಕಟ್ಟಿತು. ವ್ಯತ್ಯಾಸ ಅಲ್ಲೇ ಇರುವುದು.

ನಿಂತ ನಿಮಿಷಗಳ ಮಾತು

ಹಲಗೆ ತಾನಾಗಿ ಹೊರಬರುವುದಿಲ್ಲ. ಒಬ್ಬರು ಇಳಿಯಬೇಕು, ಎತ್ತಬೇಕು, ಮಗುಚಬೇಕು. ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸುಗಳ ಒಪ್ಪಂದದಲ್ಲಿ ಬಸ್ಸು, ಅದರ ರಿಪೇರಿ, ಡ್ರೈವರ್ ಮೂರೂ ಖಾಸಗಿ ಕಂಪನಿಯವು. ಕಂಡಕ್ಟರ್ ಮಾತ್ರ ಬಿಎಂಟಿಸಿಯವರು. ಬಸ್ಸು ಓಡಿದ ಕಿಲೋಮೀಟರ್‌ಗೆ ಇಷ್ಟು ಅಂತ ಕಂಪನಿಗೆ ಹಣ. ಅಂದರೆ ಚಕ್ರ ಉರುಳಿದರೆ ಲೆಕ್ಕ. ಸ್ಟಾಪಿನಲ್ಲಿ ಮೂರು ನಿಮಿಷ ನಿಂತು ಒಬ್ಬರನ್ನು ಹತ್ತಿಸಿದ್ದು ಕಿಲೋಮೀಟರ್ ಲೆಕ್ಕದಲ್ಲಿ ಕಾಣುವುದಿಲ್ಲ.

ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ. ನಮ್ಮೂರ ಟ್ರಾಫಿಕ್‌ನಲ್ಲಿ ದಿನವಿಡೀ ಸ್ಟೀರಿಂಗ್ ಹಿಡಿಯುವವರು, ಕಿಕ್ಕಿರಿದ ಬಸ್ಸಿನಲ್ಲಿ ನಿಂತೇ ಟಿಕೆಟ್ ಕೊಡುವವರು ಎಷ್ಟು ಕಷ್ಟಪಡುತ್ತಾರೆ ಅಂತ ದಿನಾ ನೋಡುತ್ತೇವೆ. ಅದಕ್ಕೇ ಹೇಳುತ್ತಿದ್ದೇನೆ. ಆ ಮೂರು ನಿಮಿಷ ಕಂಡಕ್ಟರ್‌ನ ಒಳ್ಳೆಯತನದ ಮೇಲೆ ನಿಲ್ಲಬಾರದು, ವೇಳಾಪಟ್ಟಿಯಲ್ಲೇ ಇರಬೇಕು. ಟ್ರಿಪ್ಪಿಗೆ ಇಷ್ಟು ನಿಮಿಷ ಹೆಚ್ಚಿಗೆ ಅಂತ ಕೊಟ್ಟುಬಿಟ್ಟರೆ, ಹಿಂದೆ ಎಷ್ಟು ಹಾರನ್ ಬಾರಿಸಿದರೂ ಅವರು ನೆಮ್ಮದಿಯಿಂದ ಹಲಗೆ ಇಳಿಸಬಹುದು. ಬೆಳಿಗ್ಗೆ ಡಿಪೊದಿಂದ ಹೊರಡುವಾಗ ಬ್ರೇಕ್, ಲೈಟ್ ನೋಡುವ ಹಾಗೆ ಹಲಗೆಯನ್ನೂ ಒಮ್ಮೆ ತೆಗೆದು ಹಾಕಬೇಕು. ದಿನಾ ತೆಗೆಯದ ಬಾಗಿಲ ಕೀಲು ಏನಾಗುತ್ತದೆ ಅಂತ ನಮಗೆ ಗೊತ್ತಲ್ವಾ?

ಇನ್ನು ತರಬೇತಿ. ಪುಸ್ತಕ ಓದಿ ಕಲಿಯುವ ವಿಷಯವಲ್ಲ ಇದು. ವೀಲ್‌ಚೇರಿನಲ್ಲಿ ಓಡಾಡುವವರೇ ಡಿಪೊಗೆ ಬಂದು ಅರ್ಧ ದಿನ ಕಲಿಸಲಿ. ಇಳಿಸುವಾಗ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ಇಳಿಸಬೇಕು, ಇಲ್ಲದಿದ್ದರೆ ಕೂತವರು ಮುಗ್ಗರಿಸುತ್ತಾರೆ. ಕೇಳದೆ ಕುರ್ಚಿಗೆ ಕೈ ಹಾಕಬಾರದು. ವಯಸ್ಸಾದವರು ಕೂತ ಮೇಲೇ "ರೈಟ್" ಹೇಳಬೇಕು. ಕೊನೆಯದು ಚಿಕ್ಕದಾಗಿ ಕಾಣುತ್ತದೆ. ಹತ್ತಿ ಇನ್ನೂ ಕಂಬ ಹಿಡಿಯುವ ಮುಂಚೆ ಬಸ್ಸು ಎಳೆದರೆ 74ರ ಮೂಳೆ ಏನಾಗಬೇಕು? ಅಮ್ಮ ಬಸ್ಸಿಗೆ ಹೆದರುವುದು ಮೆಟ್ಟಿಲಿಗಿಂತ ಜಾಸ್ತಿ ಈ ಎಳೆತಕ್ಕೆ.

ಕಾಣದವರು ಬಸ್ ಹಿಡಿಯುವುದು

ಇಷ್ಟು ಹೊತ್ತೂ ಮೆಟ್ಟಿಲಿನ ಮಾತೇ ಆಯಿತು. ಕಣ್ಣು ಕಾಣದವರ ಕಷ್ಟ ಅದಲ್ಲ. ಅವರು ಮೆಟ್ಟಿಲು ಹತ್ತಬಲ್ಲರು. ಯಾವ ಬಸ್ಸು ಬಂತು, ಅದರ ಬಾಗಿಲು ಎಲ್ಲಿದೆ ಅಂತ ಗೊತ್ತಾಗಬೇಕು. ಈಗ ಅವರು ಪಕ್ಕದವರನ್ನು ಕೇಳುತ್ತಾರೆ. ಪಕ್ಕದವರು ಮೊಬೈಲಿನಲ್ಲಿದ್ದರೆ ಬಸ್ಸು ಹೋಯಿತು.

ಇದಕ್ಕೆ ಮೈಸೂರಿನಲ್ಲಿ ಕೆಎಸ್‌ಆರ್‌ಟಿಸಿ ಮಾಡಿದ ಕೆಲಸ ಎಲ್ಲರೂ ನೋಡುವಂಥದ್ದು. ಹೆಸರು ಧ್ವನಿ ಸ್ಪಂದನ. ಐಐಟಿ ದೆಹಲಿಯಲ್ಲಿ ರೂಪುಗೊಂಡ ಸಾಧನ. 200 ಸಿಟಿ ಬಸ್ಸುಗಳಿಗೆ ಅಳವಡಿಸಿದ್ದಾರೆ. ಪ್ರಯಾಣಿಕರ ಕೈಯಲ್ಲಿ ಒಂದು ಚಿಕ್ಕ ಪೆಟ್ಟಿಗೆ. ಬಸ್ಸಿನ ಸದ್ದು ಕೇಳಿದಾಗ ಗುಂಡಿ ಒತ್ತಿದರೆ ಹತ್ತಿರದಲ್ಲಿರುವ ಬಸ್ಸಿನ ನಂಬರ್ ಕೇಳಿಸುತ್ತದೆ. ತನಗೆ ಬೇಕಾದ ನಂಬರ್ ಬಂದಾಗ ಮತ್ತೆ ಒತ್ತಿದರೆ ಆ ಬಸ್ಸಿನ ಬಾಗಿಲ ಹತ್ತಿರದ ಸ್ಪೀಕರ್ ದನಿ ಮಾಡುತ್ತದೆ. ಆ ದನಿಯ ಜಾಡು ಹಿಡಿದು ಬಾಗಿಲಿಗೆ ಹೋದರಾಯಿತು. ಯಾರನ್ನೂ ಕೇಳಬೇಕಿಲ್ಲ. ಈ ಸಾಧನ ಮಾಡಿದವರು ಕಾಣದವರ ಜೊತೆ ಸ್ಟಾಪಿನಲ್ಲಿ ನಿಂತು ಯೋಚಿಸಿದ್ದಾರೆ ಅಂತ ನನಗನ್ನಿಸುತ್ತದೆ. ನಂಬರ್ ಹೇಳಿ ಅಷ್ಟಕ್ಕೇ ಬಿಟ್ಟಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಬಾಗಿಲನ್ನೂ ಮಾತಾಡಿಸಿದ್ದಾರೆ.

ಚೆಲ್ಲಬೇಡಿ, ಒಂದೆಡೆ ಸೇರಿಸಿ

ಬಿಎಂಟಿಸಿಯಲ್ಲಿ ಆರು ಸಾವಿರಕ್ಕೂ ಜಾಸ್ತಿ ಬಸ್ಸುಗಳಿವೆ. ತಗ್ಗಿನ ಎಲೆಕ್ಟ್ರಿಕ್ ಬಸ್ಸು ಹೆಚ್ಚುಕಮ್ಮಿ ಐದರಲ್ಲೊಂದು. ಇವನ್ನು ಊರ ತುಂಬ ಅಲ್ಲೊಂದು ಇಲ್ಲೊಂದು ಹಂಚಿದರೆ ಎಲ್ಲ ಬಡಾವಣೆಗಳಿಗೂ ಬಂತು ಅಂತ ಹೇಳಿಕೊಳ್ಳಬಹುದು. ಆದರೆ ಹತ್ತುವವರ ಕಡೆಯಿಂದ ನೋಡಿ. 15 ನಿಮಿಷಕ್ಕೊಂದು ಬಸ್ಸಿರುವ ರೂಟಿನಲ್ಲಿ ನಾಲ್ಕರಲ್ಲೊಂದು ತಗ್ಗಿನದಾದರೆ, ವೀಲ್‌ಚೇರಿನವರ ಪಾಲಿಗೆ ಅದು ಗಂಟೆಗೊಂದು ಬಸ್ಸಿನ ರೂಟು. ಆ ಒಂದು ಬಸ್ಸು ಆವತ್ತು ಕೆಟ್ಟರೆ ಎರಡು ಗಂಟೆ. ಬಿಸಿಲಲ್ಲಿ, ರಸ್ತೆಯ ಅಂಚಿನಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಹತ್ತು ರೂಟು ಆರಿಸಿಕೊಳ್ಳಲಿ. ದೊಡ್ಡ ಆಸ್ಪತ್ರೆಗಳು, ಮೆಜೆಸ್ಟಿಕ್, ಮಾರ್ಕೆಟ್, ಮೆಟ್ರೊ ಸ್ಟೇಷನ್ ಸೇರಿಸುವ ರೂಟುಗಳು. ಆ ರೂಟಿನ ಪ್ರತಿಯೊಂದು ಬಸ್ಸೂ ತಗ್ಗಿನದೇ ಇರಲಿ. ಆ ರೂಟಿನ ಪ್ರತಿಯೊಂದು ಸ್ಟಾಪನ್ನೂ ಮೊದಲು ಸರಿಮಾಡಲಿ. ಒಂದು ಸ್ಟಾಪಿಗೆ ಬೇಕಾಗುವುದೇನು? ಒಂದು ಬಸ್ಸಿನಷ್ಟು ಉದ್ದದ ನೇರ ಅಂಚುಗಲ್ಲು, ಫುಟ್‌ಪಾತ್ ಹತ್ತಲು ಒಂದು ಇಳಿಜಾರು, ಹಲಗೆ ಬೀಳುವ ಜಾಗದಲ್ಲಿ ಕಂಬವಿಲ್ಲದ ನೆಲ, ರಸ್ತೆಯ ಮೇಲೆ ಹಳದಿ ಗೆರೆ, ಸ್ವಲ್ಪ ಆಚೆಗೆ ಆಟೊ ಸ್ಟ್ಯಾಂಡಿಗೆ ಜಾಗ. ಬಸ್ಸಿನ ಬೆಲೆಯ ಮುಂದೆ ಇದರ ಖರ್ಚು ಏನೇನೂ ಅಲ್ಲ. ರಸ್ತೆಗಳನ್ನು ಹೊಸದಾಗಿ ರೂಪಿಸುವ ಟೆಂಡರ್ ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆಯ ಫುಟ್‌ಪಾತನ್ನು ಅಗಲವಾಗಿ, ಸಮವಾಗಿ ಮಾಡಿದ್ದು ಇದೇ ಊರಲ್ಲಿ. ಮಾಡಲು ಬರುತ್ತದೆ ಅಂತ ಆಗಲೇ ತೋರಿಸಿಯಾಗಿದೆ.

ಹತ್ತು ರೂಟು ನಂಬಿಕೆಗೆ ಅರ್ಹವಾದರೆ ಜನ ಅದನ್ನು ನೆಚ್ಚಿಕೊಂಡು ಕೆಲಸ ಹುಡುಕುತ್ತಾರೆ, ಮನೆ ಬಾಡಿಗೆ ಹಿಡಿಯುತ್ತಾರೆ, ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಕೊಳ್ಳುತ್ತಾರೆ. ಇವತ್ತು ಬರಬಹುದು, ಬರದೇ ಇರಬಹುದು ಅನ್ನುವ ಬಸ್ಸನ್ನು ನಂಬಿ ಯಾರೂ ನೌಕರಿಗೆ ಸೇರುವುದಿಲ್ಲ. ಆಟೊಗೆ ದಿನಾ ಮುನ್ನೂರು, ನಾನೂರು ಕೊಟ್ಟು ಹೋಗಿಬರಲು ಎಷ್ಟು ಜನರಿಂದ ಆಗುತ್ತದೆ? ಆಗದವರು ಮನೆಯಲ್ಲೇ ಉಳಿಯುತ್ತಾರೆ. ಆಮೇಲೆ ಬಸ್ಸಿನಲ್ಲಿ ವೀಲ್‌ಚೇರೇ ಕಾಣುವುದಿಲ್ಲವಲ್ಲ, ಸುಮ್ನೆ ಇಷ್ಟು ಖರ್ಚು ಯಾಕೆ ಅಂತ ಯಾರಾದರೂ ಕೇಳುತ್ತಾರೆ. ಈ ಪ್ರಶ್ನೆ ನನಗೆ ನಿಜವಾಗಿಯೂ ನೋವು ಕೊಡುತ್ತದೆ. ಸೇತುವೆ ಇಲ್ಲದ ಹೊಳೆಯನ್ನು ಎಷ್ಟು ಜನ ಈಜಿ ದಾಟಿದರು ಅಂತ ಎಣಿಸಿ ಸೇತುವೆ ಬೇಕೋ ಬೇಡವೋ ತೀರ್ಮಾನಿಸುವುದುಂಟೆ?

ನಮ್ಮ ಸ್ಟಾಪಿನಲ್ಲಿ ಒಂದು ಸಣ್ಣ ಬದಲಾವಣೆ ಆಗಿದೆ. ಬಡಾವಣೆಯ ನಾಲ್ಕೈದು ಜನ ಸೇರಿ ಆಟೊದವರ ಹತ್ತಿರ, ಎಳನೀರಿನವರ ಹತ್ತಿರ ಮಾತಾಡಿದೆವು. ಆವತ್ತು ನಡೆದಿದ್ದನ್ನು ಹೇಳಿದೆವು. ಎಳನೀರಿನವರು ಮರುದಿನದಿಂದಲೇ ಗಾಡಿಯನ್ನು ಇಪ್ಪತ್ತು ಅಡಿ ಆಚೆ ಹೊಂಗೆ ಮರದ ಕೆಳಗೆ ಹಾಕಿಕೊಂಡರು. ನೆರಳೂ ಸಿಕ್ಕಿತು ಅಂದರು. ಆಟೊಗಳು ಒಮ್ಮೊಮ್ಮೆ ಸರಿಯುತ್ತವೆ, ಒಮ್ಮೊಮ್ಮೆ ಇಲ್ಲ. ಫುಟ್‌ಪಾತಿಗೆ ಇಳಿಜಾರು ಬೇಕು ಅಂತ ಪಾಲಿಕೆಗೆ ಅರ್ಜಿ ಕೊಟ್ಟಿದ್ದೇವೆ. ಅರ್ಜಿಯ ಜೊತೆ ಅಳತೆ ಟೇಪಿನ ಲೆಕ್ಕದ ಆ ಕಾಗದವನ್ನೂ ಲಗತ್ತಿಸಿದ್ದೇವೆ.

ಅಮ್ಮ ಈಗ ಎತ್ತರದ ಬಸ್ಸು ಬಂದರೆ ಹೋಗಲಿ ಅಂತ ಬಿಡುತ್ತಾಳೆ. ಕಟ್ಟೆಯ ಮೇಲೆ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ತಿರುವಿನ ಕಡೆ ನೋಡುತ್ತಾ, "ಇನ್ನೊಂದು ನೋಡೋಣ ಇರು, ಬಗ್ಗೋ ಬಸ್ಸು ಬರಬಹುದು" ಅನ್ನುತ್ತಾಳೆ.